ನಗರದ ನಡುವೆ ಒಳ್ಳೆಯ ತಿಂಡಿ: ಹುಡುಕುವುದು ಹೇಗೆ?

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದವರು ಸಾಮಾನ್ಯವಾಗಿ ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗುತ್ತಾರೆ. ಹಸಿವು, ನಿದ್ದೆಗೆಟ್ಟ ಆಯಾಸ, ಕೈಯಲ್ಲಿ ಚೀಲ ಎಲ್ಲವೂ ಸೇರಿ ಹಾಗೆ ಮಾಡಿಸುತ್ತವೆ. ತಿಂಡಿಗೇ ಹೆಸರಾದ ಬೆಂಗಳೂರಿಗೆ ಬಂದು, ಆರಿದ ಇಡ್ಲಿಯನ್ನು ನೀರು ಚಟ್ನಿಯಲ್ಲಿ ಅದ್ದಿ ತಿಂದು ಕೋರ್ಟಿಗೋ ಆಸ್ಪತ್ರೆಗೋ ಹೊರಡುವುದು ಮಾತ್ರ ನಿಜಕ್ಕೂ ಬೇಸರದ ಸಂಗತಿ. ಹದಿನೈದು ನಿಮಿಷ ನಡೆಯುವ ಮನಸ್ಸು ಮಾಡಿದರೆ ಅದನ್ನು ತಪ್ಪಿಸಬಹುದು. ಎತ್ತ ನಡೆಯಬೇಕು, ಏನನ್ನು ನೋಡಬೇಕು, ಯಾವುದನ್ನು ಮೊದಲು ಕೇಳಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೀದಿಯ ಹೊತ್ತು ನೋಡಿ

ಎಲ್ಲರೂ ಹೋಟೆಲಿನ ಹೆಸರು ಕೇಳುತ್ತಾರೆ. ಹೆಸರಿಗಿಂತ ಮುಖ್ಯವಾದದ್ದು ಹೊತ್ತು. ಒಂದು ಬೀದಿಯ ಜನ ಎಷ್ಟು ಗಂಟೆಗೆ ಕೆಲಸಕ್ಕೆ ಇಳಿಯುತ್ತಾರೋ ಅದಕ್ಕೆ ಅರ್ಧ ಗಂಟೆ ಮೊದಲು ಆ ಬೀದಿಯ ತಿಂಡಿ ಅತ್ಯುತ್ತಮವಾಗಿರುತ್ತದೆ. ಇಡ್ಲಿ ಹಬೆಯಿಂದ ಇಳಿದದ್ದೇ ಖಾಲಿಯಾಗುವುದು, ಚಟ್ನಿ ರುಬ್ಬಿದ್ದೇ ತೀರುವುದು, ಹಾಲು ಕಾಯಿಸಿದ್ದೇ ಮುಗಿಯುವುದು ಆ ಹೊತ್ತಿನಲ್ಲಿ ಮಾತ್ರ. ಅದೇ ಹೋಟೆಲಿಗೆ ಒಂದೂವರೆ ಗಂಟೆ ತಡವಾಗಿ ಹೋದರೆ ಬೇರೆಯದೇ ರುಚಿ ಸಿಗುತ್ತದೆ. ಅಡುಗೆಯವರು ಬದಲಾಗಿರುವುದಿಲ್ಲ, ಹಿಟ್ಟೂ ಅದೇ. ತಿಂಡಿ ಕಾಯುತ್ತ ಕುಳಿತಿರುತ್ತದೆ, ಅಷ್ಟೇ.

ಹಳೆಯ ಪೇಟೆಗೆ ಇದನ್ನು ಅನ್ವಯಿಸಿ ನೋಡಿ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಏರಿರುತ್ತದೆ. ಹಾಗಾಗಿ ಅದರ ಸುತ್ತಲಿನ ತಳ್ಳುಗಾಡಿಗಳಲ್ಲಿ, ಸಣ್ಣ ಹೋಟೆಲುಗಳಲ್ಲಿ ಇಡ್ಲಿ ಬಿಸಿಯಾಗಿ ಸಿಗುವುದು ಐದರಿಂದ ಏಳರ ನಡುವೆ. ಮೂಟೆ ಹೊರುವವರು, ಹೂವು ಕಟ್ಟುವವರು, ತರಕಾರಿ ತಂದ ಲಾರಿಯ ಚಾಲಕರು ಅಲ್ಲಿ ತಿನ್ನುತ್ತಾರೆ. ಎಂಟೂವರೆಗೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಅಲ್ಲಿಂದ ಕೂಗಳತೆಯಲ್ಲಿರುವ ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಯ ಲೆಕ್ಕವೇ ಬೇರೆ. ಬಟ್ಟೆ, ಬಳೆ, ಪುಸ್ತಕದ ಅಂಗಡಿಗಳು ಬಾಗಿಲು ತೆಗೆಯುವುದು ಹತ್ತರ ಆಸುಪಾಸಿನಲ್ಲಿ. ಅಲ್ಲಿನ ಹೋಟೆಲುಗಳಿಗೆ ಒಂಬತ್ತು, ಒಂಬತ್ತೂವರೆಗೆ ಜೀವ ಬರುತ್ತದೆ. ಕೆಂಪೇಗೌಡ ರಸ್ತೆಯ ನ್ಯಾಯಾಲಯದ ಸುತ್ತಮುತ್ತಲೂ ಹೆಚ್ಚುಕಡಿಮೆ ಹಾಗೆಯೇ. ಬಸವನಗುಡಿ, ಶಂಕರಪುರ, ಲಾಲ್‌ಬಾಗ್ ಕಡೆ ಬೆಳಗಿನ ನಡಿಗೆಯವರು ಇರುವುದರಿಂದ ಆರೂವರೆಗೇ ಕಾವಲಿ ಕಾದಿರುತ್ತದೆ. ಚರ್ಚ್ ಸ್ಟ್ರೀಟ್, ಎಂ.ಜಿ. ರಸ್ತೆ ತಡವಾಗಿ ಏಳುವ ಜಾಗಗಳು.

ನಿಮ್ಮ ಗಡಿಯಾರ ನೋಡಿಕೊಂಡು ಬೀದಿಯನ್ನು ಆರಿಸಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ನಿಲ್ದಾಣದ ಎದುರಿನ ಸಾಲನ್ನು ಬಿಡಿ

ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಎದುರಿಗೇ ಇರುವ ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ಮತ್ತೆ ಬರುವವರಲ್ಲ. ದಿನವೂ ಬಂದು ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಗಲ್ಲಾದ ಬಳಿ ನಿಂತು ಹೇಳುವ ಗಿರಾಕಿ ಇಲ್ಲದ ಕಡೆ ರುಚಿ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲವೂ ಹಾಗೆಂದು ಹೇಳುತ್ತಿಲ್ಲ. ಆಯ್ಕೆ ಇದ್ದಾಗ ಹತ್ತು ನಿಮಿಷ ದೂರ ಹೋಗುವುದು ಒಳ್ಳೆಯದು. ಮೆಜೆಸ್ಟಿಕ್‌ನಿಂದ ಬಳೇಪೇಟೆಗೆ ನಡೆದೇ ಹೋಗಬಹುದು. ಚೀಲ ಭಾರವಿದ್ದರೆ ಮೆಟ್ರೊ ಇದೆ: ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ಒಂದಾದ ಮೇಲೊಂದು ಬರುತ್ತವೆ. ಉತ್ತರಕ್ಕೆ ಒಂದೇ ನಿಲ್ದಾಣ ಹೋದರೆ ಮಲ್ಲೇಶ್ವರದ ಬಾಗಿಲಿಗೆ ಬಂದಂತೆ.

ಒಳಗೆ ಕಾಲಿಡುವ ಮೊದಲು

ಬಾಗಿಲಲ್ಲಿ ಅರ್ಧ ನಿಮಿಷ ನಿಲ್ಲಿ. ಮೊದಲು ತಿಂಡಿಗಳ ಫಲಕ ಓದಿ. ಬೆಳಗಿನ ಹೊತ್ತು ಏಳೆಂಟು ತಿಂಡಿ ಬರೆದಿರುವ ಕಡೆ ಧೈರ್ಯವಾಗಿ ಹೋಗಿ. ನಲವತ್ತು ಬಗೆಯ ದೋಸೆ, ಅದರಲ್ಲಿ ಚೀಸು, ಪನೀರು, ನೂಡಲ್ಸ್ ತುಂಬಿದ ದೋಸೆ ಇರುವ ಕಡೆ ಸಾದಾ ದೋಸೆಯ ಮೇಲೆ ಯಾರಿಗೂ ನಿಗಾ ಇರುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ತಿನ್ನುತ್ತಿರುವವರನ್ನು ನೋಡಿ. ಆಟೊ ಚಾಲಕರು, ಪೌರಕಾರ್ಮಿಕರು, ಪಕ್ಕದ ಅಂಗಡಿಯ ಹುಡುಗರು, ಕೈಯಲ್ಲಿ ಪತ್ರಿಕೆ ಹಿಡಿದ ಹಿರಿಯರು ಒಟ್ಟಿಗೆ ಕಂಡರೆ ಅಲ್ಲಿ ಬೆಲೆಯೂ ರುಚಿಯೂ ಹದದಲ್ಲಿವೆ ಎಂದರ್ಥ. ಸಪ್ಲಯರ್ ಕೇಳುವ ಮೊದಲೇ ಯಾರಿಗಾದರೂ ಕಾಫಿ ತಂದಿಟ್ಟರೆ ಇನ್ನೇನೂ ಯೋಚಿಸಬೇಡಿ, ಒಳಗೆ ಹೋಗಿ.

ಕೈ ತೊಳೆಯುವ ಜಾಗ ಮತ್ತು ತಟ್ಟೆ ತೊಳೆಯುವ ಜಾಗ ಎರಡೂ ಹೆಚ್ಚಾಗಿ ಕಣ್ಣಿಗೆ ಬೀಳುವಂತೆಯೇ ಇರುತ್ತವೆ. ಹರಿಯುವ ನೀರಿನಲ್ಲಿ ತಟ್ಟೆ ತೊಳೆಯುತ್ತಿದ್ದಾರೆಯೇ, ಒಂದೇ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದಾರೆಯೇ ನೋಡಿಕೊಳ್ಳಿ. ತೊಟ್ಟಿಯಲ್ಲಿ ಅದ್ದುತ್ತಿದ್ದರೆ ತಿರುಗಿ ಬನ್ನಿ.

ಒಂದು ವಿಷಯದಲ್ಲಿ ಸಂಕೋಚ ಬೇಡವೇ ಬೇಡ. 2025ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ, ಕೆಲವು ಹೋಟೆಲುಗಳು ಬಟ್ಟೆಯ ಬದಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿರುವುದು ಪತ್ತೆಯಾಯಿತು. ಸರ್ಕಾರ ಅದನ್ನು ನಿಷೇಧಿಸಿತು. ಇಡ್ಲಿ ಬಟ್ಟೆಯ ಮೇಲೆ ಬೆಂದದ್ದೇ ಎಂದು ಕೇಳುವ ಹಕ್ಕು ನಿಮಗಿದೆ. ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಬಿಸಿ ತಿಂಡಿ ಬಡಿಸುವ ಕಡೆಯೂ “ಬರೀ ತಟ್ಟೆಯಲ್ಲೇ ಕೊಡಿ” ಎಂದು ಹೇಳಿ. ಬಾಳೆ ಎಲೆಯ ತುಂಡು ಇದ್ದರೆ ಇನ್ನೂ ಒಳ್ಳೆಯದು.

ಇಡ್ಲಿಯಿಂದ ಶುರು ಮಾಡಿ

ಹೊಸ ಹೋಟೆಲಿನಲ್ಲಿ ನೇರವಾಗಿ ಮಸಾಲೆ ದೋಸೆ ಹೇಳಬೇಡಿ. ಎಣ್ಣೆ, ಬೆಣ್ಣೆ, ಕೆಂಪು ಚಟ್ನಿ, ಪಲ್ಯ ಎಲ್ಲ ಸೇರಿ ದೋಸೆ ತನ್ನ ತಪ್ಪುಗಳನ್ನು ಮುಚ್ಚಿಕೊಳ್ಳಬಲ್ಲದು. ಇಡ್ಲಿಗೆ ಆ ಸೌಲಭ್ಯವಿಲ್ಲ. ಅಕ್ಕಿ, ಉದ್ದು, ಉಪ್ಪು, ಒಂದು ರಾತ್ರಿಯ ಹುಳಿ, ಹಬೆ. ಇಷ್ಟರಲ್ಲಿ ಯಾವುದು ಕೆಟ್ಟರೂ ನಾಲಿಗೆಗೆ ತಿಳಿಯುತ್ತದೆ.

ಒಂದು ಪ್ಲೇಟ್ ಇಡ್ಲಿ ತರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಜಾಗ ಮೇಲಕ್ಕೆ ಬರಬೇಕು. ಮುರಿದಾಗ ಒಳಗೆ ಸಣ್ಣ, ಒಂದೇ ಸಮನಾದ ರಂಧ್ರಗಳು ಕಾಣಬೇಕು. ದೊಡ್ಡ ದೊಡ್ಡ ತೂತುಗಳು, ತುಸು ಹಳದಿ ಬಣ್ಣ, ನಾಲಿಗೆಯ ಮೇಲೆ ಸೋಪಿನಂಥ ಜಾರು ಇದ್ದರೆ ಹಿಟ್ಟಿಗೆ ಸೋಡಾ ಹೆಚ್ಚು ಬಿದ್ದಿದೆ. ಅಂಚು ಒಣಗಿ ಗಟ್ಟಿಯಾಗಿದ್ದರೆ ಅದು ಹಿಂದಿನ ಒಬ್ಬೆಯದು. “ಬಿಸಿ ಒಬ್ಬೆ ಬರಲಿ, ಕಾಯುತ್ತೇನೆ” ಎಂದು ಹೇಳಿದರೆ ಒಳ್ಳೆಯ ಹೋಟೆಲಿನವರು ಬೇಸರ ಮಾಡಿಕೊಳ್ಳುವುದಿಲ್ಲ. ಗೌರವವನ್ನೇ ಕೊಡುತ್ತಾರೆ. ಬಿಡದಿ, ಕ್ಯಾತ್ಸಂದ್ರಗಳಿಂದ ಹೆಸರಾದ ತಟ್ಟೆ ಇಡ್ಲಿ ಈಗ ನಗರದ ನಡುವೆಯೂ ಸಿಗುತ್ತದೆ. ಅಗಲವಾಗಿರುವುದರಿಂದ ಅದು ಬೇಗ ಆರುತ್ತದೆ, ಮೇಲೆ ಬೆಣ್ಣೆ ಕರಗುತ್ತಿರುವಾಗಲೇ ತಿನ್ನಬೇಕು.

ಚಟ್ನಿಯ ಮಾತು. ಹಸಿ ತೆಂಗಿನಕಾಯಿಯ ಚಟ್ನಿ ಬಿಸಿಲೇರಿದಂತೆ ಬೇಗ ಕೆಡುತ್ತದೆ. ಅದಕ್ಕೇ ಒಳ್ಳೆಯ ಕಡೆ ಸ್ವಲ್ಪ ಸ್ವಲ್ಪವೇ ರುಬ್ಬುತ್ತಾರೆ. ತಟ್ಟೆಯಲ್ಲಿ ಹಾಕಿದ ಕೂಡಲೇ ನೀರು ಬೇರೆ, ಚಟ್ನಿ ಬೇರೆಯಾಗಿ ಹರಿದರೆ ಹಿಗ್ಗಿಸಲು ನೀರು ಸುರಿದಿದ್ದಾರೆ. ಹುರಿಗಡಲೆಯ ಹಿಟ್ಟು ಹಲ್ಲಿಗೆ ಅಂಟಿದರೆ ಕಾಯಿ ಉಳಿಸಿದ್ದಾರೆ. ವಾಸನೆಯಲ್ಲಿ ಕಿಂಚಿತ್ ಹುಳಿ ಬಂದರೂ ಬಿಟ್ಟುಬಿಡಿ. ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಸಾಂಬಾರನ್ನೇ ಕೊಡುವುದಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಚಟ್ನಿ, ಆಮೇಲೆ ಕಾಫಿ. ಒಂದು ಚಟ್ನಿಯನ್ನೇ ನಂಬಿ ಅಷ್ಟು ವರ್ಷ ನಡೆಸುವುದೆಂದರೆ ಆ ಚಟ್ನಿ ಹೇಗಿರಬೇಕು ಎಂದು ಅಲ್ಲಿ ತಿಂದೇ ತಿಳಿಯಬೇಕು.

ಸಾಂಬಾರ್ ಇರುವ ಕಡೆ ವಡೆಯನ್ನು ಅದ್ದಿಸಿಕೊಳ್ಳುವುದೋ ಬೇರೆಯಾಗಿ ಹಾಕಿಸಿಕೊಳ್ಳುವುದೋ ನಿಮ್ಮ ಇಷ್ಟ. ಬೆಂಗಳೂರಿನ ಸಾಂಬಾರಿಗೆ ಬೆಲ್ಲದ ಸಿಹಿ ಹೆಚ್ಚು. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಬಂದವರಿಗೆ ಮೊದಲ ಸಲ ಅದು ಒಗ್ಗದೇ ಹೋಗಬಹುದು. ಅಂಥವರು ‘ಬೇರೆಯಾಗಿ’ ಎಂದೇ ಹೇಳಿ.

ದೋಸೆಗೆ ಯಾವಾಗ, ಎಲ್ಲಿ ನಿಲ್ಲಬೇಕು

ಇಡ್ಲಿ ಪಾಸಾಯಿತೇ? ಇನ್ನು ದೋಸೆ. ಹೋಟೆಲು ಬಾಗಿಲು ತೆಗೆದ ಕೂಡಲೇ ದೋಸೆಗೆ ಆತುರಪಡಬೇಡಿ. ದೊಡ್ಡ ಕಬ್ಬಿಣದ ಕಾವಲಿ ಎಲ್ಲ ಕಡೆ ಒಂದೇ ಸಮ ಕಾಯಲು ಹೊತ್ತು ಬೇಕು. ಮೊದಲ ಒಂದೆರಡು ಒಬ್ಬೆ ಸಾಮಾನ್ಯವಾಗಿ ಅಲ್ಲಲ್ಲಿ ಬಿಳುಪು, ಅಲ್ಲಲ್ಲಿ ಕಪ್ಪು.

ಕಾವಲಿ ಕಾಣುವ ಜಾಗದಲ್ಲಿ ನಿಂತು ದೋಸೆ ಹಾಕುವವರ ಕೈ ನೋಡಿ. ಪ್ರತಿ ಒಬ್ಬೆಗೂ ಮೊದಲು ನೀರು ಚಿಮುಕಿಸಿ, ತೆಂಗಿನಕಡ್ಡಿಯ ಪೊರಕೆಯಿಂದ ಗುಡಿಸುತ್ತಾರೆ. ಕಾವಲಿ ತೀರಾ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಕಚ್ಚಿಕೊಂಡು ಹರಡಲು ಬರುವುದಿಲ್ಲ. ನೀರು ಆ ಬಿಸಿಯನ್ನು ಇಳಿಸುತ್ತದೆ, ಪೊರಕೆ ಹಿಂದಿನ ದೋಸೆಯ ಚೂರನ್ನು ತೆಗೆಯುತ್ತದೆ. ಈ ಕೆಲಸವನ್ನು ಅವಸರದಲ್ಲಿ ತೇಲಿಸಿಬಿಡುವ ಕಡೆ ದೋಸೆಯ ಬೆನ್ನು ಮಚ್ಚೆ ಮಚ್ಚೆಯಾಗುತ್ತದೆ. ಒಳ್ಳೆಯ ಮಸಾಲೆ ದೋಸೆಯ ಬಣ್ಣ ಹೊರಗೆ ಒಂದೇ ಸಮ ಕೆಂಪಗೆ, ಒಳಗೆ ಮೆತ್ತಗೆ ಬೆಳ್ಳಗೆ. ಗರಿಗರಿ ಅಂಚು, ಮೆದುವಾದ ನಡುಭಾಗ ಎರಡೂ ಒಂದೇ ದೋಸೆಯಲ್ಲಿ ಇರಬೇಕು. ಇಡೀ ದೋಸೆ ಹಪ್ಪಳದಂತೆ ಮುರಿದರೆ ನಾನು ಅದನ್ನು ಒಪ್ಪುವುದಿಲ್ಲ.

ಬಳೇಪೇಟೆಗೆ ಬಂದಿದ್ದರೆ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ದೋಸೆ ಕೇಳಿ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು ಇರುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಒಳಗೆ, ಇಂದಿಗೂ ವ್ಯಾಪಾರಿಗಳ ನಡುವೆ ಕುಳಿತು ತಿನ್ನಬಹುದಾದ ತಿಂಡಿ ಅದು.

ಹೆಸರಾದ ಕಡೆಗೇ ಹೋಗುವುದಾದರೆ

ಮೊದಲು ವಾರದ ರಜೆ ತಿಳಿದುಕೊಳ್ಳಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್ (1924ರಲ್ಲಿ ಶುರುವಾದದ್ದು) ಸೋಮವಾರ ಮುಚ್ಚಿರುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ (1943) ಶುಕ್ರವಾರ, ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿ ಹೋಗುವವರು ಬಹಳ.

ಎಂಟಿಆರ್‌ನಲ್ಲಿ ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದೇ ಅದರ ಮೂಲ ಎಂದು ಆ ಹೋಟೆಲಿನವರು ಹೇಳಿಕೊಂಡು ಬಂದಿದ್ದಾರೆ. ವಿದ್ಯಾರ್ಥಿ ಭವನ, ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ಸಿಟಿಆರ್ ಎರಡೂ ದೋಸೆಗೆ ಪ್ರಸಿದ್ಧ, ಎರಡರ ಮುಂದೆಯೂ ಭಾನುವಾರ ಉದ್ದನೆಯ ಸಾಲು. ವಾರದ ನಡುವಿನ ದಿನ, ಬೆಳಿಗ್ಗೆ ಬೇಗ ಹೋದರೆ ಹೆಚ್ಚು ಕಾಯಬೇಕಿಲ್ಲ. ಕಾಯುವ ವ್ಯವಧಾನ ಇಲ್ಲದವರು ಮಾರ್ಗೋಸಾ ರಸ್ತೆಯಲ್ಲೇ ಇನ್ನಷ್ಟು ಮುಂದೆ, ಹದಿನೈದನೇ ಅಡ್ಡರಸ್ತೆಯ ಬಳಿಯ ವೀಣಾ ಸ್ಟೋರ್ಸ್‌ಗೆ ಹೋಗಿ. ಅಲ್ಲಿ ಕುರ್ಚಿ ಇಲ್ಲ, ಪಾದಚಾರಿ ಮಾರ್ಗದಲ್ಲಿ ನಿಂತೇ ಇಡ್ಲಿ ತಿನ್ನಬೇಕು.

ನಿಂತು ತಿನ್ನುವುದನ್ನು ಕೀಳಾಗಿ ಕಾಣಬೇಡಿ. ಆರ್. ಪ್ರಭಾಕರ್ ಅವರು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಈ ನಗರದ ಬೆಳಗೇ ಬದಲಾಯಿತು. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆ, ಎದುರಿಗೇ ತಯಾರಾಗುವ ತಿಂಡಿ ತೆಗೆದುಕೋ, ನಿಂತು ತಿಂದು ಹೊರಡು. ಬೆಲೆ ಇಳಿಯಿತು, ಅಡುಗೆಮನೆ ಗಿರಾಕಿಯ ಕಣ್ಣೆದುರಿಗೆ ಬಂತು. ಸಣ್ಣ ಸಂಬಳದವರೂ ದಿನಾ ಬೆಳಿಗ್ಗೆ ಬಿಸಿ ತಿಂಡಿ ತಿನ್ನಬಹುದಾಯಿತು. ಹೆಸರು ಗೊತ್ತಿಲ್ಲದ ಬೀದಿಯಲ್ಲಿ ಸಿಕ್ಕಿಕೊಂಡಾಗ ಜನ ತುಂಬಿದ ದರ್ಶಿನಿಯನ್ನೇ ನಂಬಿ ಎಂದು ನಾನು ಹೇಳುವುದು ಇದಕ್ಕೇ.

ಮಾಂಸಾಹಾರದ ತಿಂಡಿ ಬೇಕಾದವರಿಗೆ ಕಾಟನ್‌ಪೇಟೆ, ಬಳೇಪೇಟೆ ಕಡೆಯ ಮಿಲಿಟರಿ ಹೋಟೆಲುಗಳಿವೆ. ಇಡ್ಲಿ ಅಥವಾ ದೋಸೆಗೆ ಕೈಮ ಇಲ್ಲವೇ ಕಾಲು ಸೂಪು. ಭಾನುವಾರ ಬೆಳಿಗ್ಗೆ ಬೇಗ ಹೋಗಬೇಕು. ಮೊಟ್ಟೆ, ಬ್ರೆಡ್ಡು ಬೇಕೆನ್ನುವವರು ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್‌ಗೆ ಹೋಗಬಹುದು. ಕಾರ್ಮಿಕರ ಸಹಕಾರ ಸಂಘ ನಡೆಸುವ ಅದು 2009ರಲ್ಲಿ ಎಂ.ಜಿ. ರಸ್ತೆಯಿಂದ ಇಲ್ಲಿಗೆ ಬಂತು. ಅಲ್ಲಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ.

ಕಾಫಿ

ತಿಂಡಿಯ ಜೊತೆಗೇ ಕಾಫಿಗೂ ಹಣ ಕೊಡಿ, ಆದರೆ ತಿಂದು ಮುಗಿದ ಮೇಲೆ ಟೋಕನ್ ಕೊಟ್ಟು ತೆಗೆದುಕೊಳ್ಳಿ. ಡಿಕಾಕ್ಷನ್ ಮತ್ತು ಹಾಲನ್ನು ನಿಮ್ಮ ಎದುರಿಗೇ ಬೆರೆಸಬೇಕು. ಮೊದಲೇ ಬೆರೆಸಿ ಪಾತ್ರೆಯಲ್ಲಿ ಕುದಿಸುತ್ತ ಇಟ್ಟಿದ್ದರೆ ಅದು ಕಾಫಿಯಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕೆಂಬ ನಿಯಮವಿದೆ. ಚಿಕೋರಿ ಹೆಚ್ಚಿದಂತೆ ಬಣ್ಣ ಗಾಢವಾಗುತ್ತದೆ, ಪರಿಮಳ ಕಡಿಮೆಯಾಗುತ್ತದೆ. ಬಣ್ಣಕ್ಕೆ ಮರುಳಾಗದೆ ವಾಸನೆ ನೋಡಿ. ಸಕ್ಕರೆ ಬೇಡವಾದರೆ ಟೋಕನ್ ಕೊಡುವಾಗಲೇ ಹೇಳಬೇಕು. ಇಬ್ಬರಿದ್ದರೆ ಬೈಟು ಕೇಳಿ.

ಹೊತ್ತು ಮೀರಿದ್ದರೆ

ಹತ್ತೂಮುಕ್ಕಾಲು ಆಗಿದ್ದರೆ ಇಡ್ಲಿಯ ಆಸೆ ಬಿಡಿ. ಆ ಹೊತ್ತಿಗೆ ಉಳಿದಿರುವುದು ಆರಿರುತ್ತದೆ, ಇಲ್ಲವೇ ಮತ್ತೆ ಹಬೆಗೆ ಇಟ್ಟದ್ದಾಗಿರುತ್ತದೆ. ಕೇಳಿದ ಮೇಲೆಯೇ ಮಾಡುವ ತಿಂಡಿಗಳನ್ನು ಆರಿಸಿ: ಖಾಲಿ ದೋಸೆ, ಸೆಟ್ ದೋಸೆ, ಅಕ್ಕಿ ರೊಟ್ಟಿ, ಪೂರಿ. ಚಟ್ನಿಯ ಬದಲಿಗೆ ಸಾಗು ಇದ್ದರೆ ಅದನ್ನೇ ಹಾಕಿಸಿಕೊಳ್ಳಿ. ಖಾರಾಬಾತ್ ಬೇಡ, ಅದು ಬೆಳಗಿನ ಪಾತ್ರೆಯ ತಳದಲ್ಲಿರುತ್ತದೆ. ಹನ್ನೊಂದೂವರೆ ದಾಟಿದರೆ ತಿಂಡಿ ಹುಡುಕುತ್ತ ಅಲೆಯಬೇಡಿ. ಕಾಫಿ ಮಾತ್ರ ಕುಡಿದು, ಹನ್ನೆರಡೂವರೆಗೆ ಊಟದ ಮೊದಲ ಪಂಕ್ತಿಗೆ ಕುಳಿತುಕೊಳ್ಳಿ.