ಲೀಲಾವತಿಯವರ ಕಥೆ: ಒಂದು ಹಾಡೂ ತೋರಿಸದೆ ಜನರನ್ನು ಕೂರಿಸಿದ್ದು

ಸಿನಿಮಾ ನಟಿ ಲೀಲಾವತಿಯವರ ಬಗ್ಗೆ ಸ್ಲೈಡ್ ಶೋ, ಆದರೆ ಒಂದು ಹಾಡಿನ ತುಣುಕೂ ಇಲ್ಲ ಅಂದಾಗ ಜೊತೆಯವರೆಲ್ಲ ನಕ್ಕರು. ‘ಹತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ ನೋಡು’ ಅಂದರು. ಈಗ ಅವರೇ ಫೋನ್ ಮಾಡಿ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಹಾಡು ಬಿಟ್ಟಿದ್ದು ದುಡ್ಡಿಗಾಗಿ. ಎರಡು ತುಣುಕಿಗೆ ಹಾಡಿನ ಹಕ್ಕು ಇದ್ದವರೊಬ್ಬರು ಕೇಳಿದ ಮೊತ್ತ ನನ್ನ ಬಜೆಟ್‌ಗಿಂತ ಜಾಸ್ತಿ. ಕೈಯಲ್ಲಿದ್ದದ್ದು ಹದಿನೆಂಟೋ ಇಪ್ಪತ್ತೋ ಸಾವಿರ. ಅದರಲ್ಲಿ ಅರ್ಧ ಹಳೇ ಪೋಸ್ಟರ್, ಹಾಡಿನ ಪುಸ್ತಕಗಳಿಗೇ ಹೋಯಿತು.

ಮೊದಮೊದಲ ಶೋಗಳು ನೆಲಕಚ್ಚಿದವು. ಬೆಳ್ತಂಗಡಿಯ ಬಾಲ್ಯ, ನಾಟಕ ಕಂಪನಿ, ಆಮೇಲೆ ಸಿನಿಮಾ ಅಂತ ಸಾಲಾಗಿ ಹೇಳುತ್ತಾ ಹೋದರೆ ಹಿಂದಿನ ಕುರ್ಚಿಗಳು ಖಾಲಿ. ಮಧ್ಯೆ ಹಾರ್ಮೋನಿಯಂ ಸೇರಿಸಿ ನೋಡಿದೆ. ಭಜನೆ ಅಂದುಕೊಂಡು ಒಂದಿಬ್ಬರು ಕೈಮುಗಿದು ಕೂತರು!

ಕೊನೆಗೆ ಕಥೆಯನ್ನೇ ತಲೆಕೆಳಗು ಮಾಡಿದೆ. ಈಗ ಶುರುವಾಗುವುದು ನೆಲಮಂಗಲದ ಹತ್ತಿರದ ಸೋಲದೇವನಹಳ್ಳಿಯಿಂದ. ಮಗ ವಿನೋದ್ ರಾಜ್ ಜೊತೆ ತೋಟ ಮಾಡಿಕೊಂಡಿದ್ದ ಊರದು. ಅಲ್ಲಿ ಸ್ವಂತ ದುಡ್ಡಲ್ಲಿ ಜನರಿಗೆ ಆಸ್ಪತ್ರೆ ಕಟ್ಟಿಸಿದರು, ಆಮೇಲೆ ದನಕರುಗಳಿಗೂ ಒಂದು. ಪಶು ಆಸ್ಪತ್ರೆ ಉದ್ಘಾಟನೆ ಆಗಿದ್ದು 2023ರ ನವೆಂಬರ್ ಕೊನೆಗೆ. ಡಿಸೆಂಬರ್ 8ಕ್ಕೆ ಅವರು ತೀರಿಕೊಂಡರು.

ಪಶು ಆಸ್ಪತ್ರೆ ಅಂದ ಕೂಡಲೇ ಹಳ್ಳಿಗಳಲ್ಲಿ ಹೆಂಗಸರ ಬಾಯಿ ಬಿಚ್ಚುತ್ತದೆ. ಹಸುವಿನ ಕೆಚ್ಚಲು ಬಾವು, ಬಾರದ ಡಾಕ್ಟರು, ಎಲ್ಲ ಬರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಕೇಳೇ ಕೇಳುತ್ತಾರೆ: ‘ಅಷ್ಟು ದುಡ್ಡು ಅವರಿಗೆ ಎಲ್ಲಿಂದ ಬಂತು?’ ನಾನು ಕಾಯುವುದೇ ಅದಕ್ಕೆ. 600ಕ್ಕೂ ಹೆಚ್ಚು ಚಿತ್ರಗಳ ದುಡಿಮೆ ಆಗ ಉತ್ತರವಾಗಿ ಬರುತ್ತದೆ. ಕೇಳಿದವರು ಎದ್ದು ಹೋಗುವುದಿಲ್ಲ, ಅಲ್ವಾ?

ಆಮೇಲೆ ಎರಡು ಫೋಟೋ ಅಕ್ಕಪಕ್ಕ. 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ. 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅದೇ ರಾಜ್‌ಕುಮಾರ್‌ಗೆ ತಾಯಿ. ವಯಸ್ಸಲ್ಲಿ ಅವರೇ ಈಕೆಗಿಂತ ಎಂಟೊಂಬತ್ತು ವರ್ಷ ದೊಡ್ಡವರು! ಇಲ್ಲಿ ನಾನು ಸಭೆಗೆ ಒಂದು ಪ್ರಶ್ನೆ ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ಶೋಗೆ ಬಂದು ಕೇಳಿ. ಅವರ ಮನೆ ವಿಷಯ ಕೆದಕುವವರೂ ಇರುತ್ತಾರೆ. ಅವರಿಗೆ ಸುಮ್ನೆ ಮುಂದಿನ ಸ್ಲೈಡ್.

ಪ್ರೊಜೆಕ್ಟರ್ ಬಾಡಿಗೆ, ಬಸ್ಸು ಸೇರಿ ಶೋಗೆ ಎರಡು ಸಾವಿರದ ಆಸುಪಾಸು ಖರ್ಚು. ಕರೆದವರು ಮೂರು ಕೊಡುತ್ತಾರೆ, ಕೆಲವರು ಬರೀ ಶಾಲು. ಹಾಕಿದ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂದಿದೆ. ಸಿಟಿ ಕಾಲೇಜುಗಳಲ್ಲಿ ಮಾತ್ರ ಪಶು ಆಸ್ಪತ್ರೆ ಕೆಲಸ ಮಾಡುತ್ತಿಲ್ಲ. ಅಲ್ಲಿಗೆ ಬೇರೆ ಶುರು ಹುಡುಕುತ್ತಿದ್ದೇನೆ.