ಉಚ್ಚೆ ಬಂತು, ಉಚ್ಚೆ ಆಯ್ತು

ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾನು ಬೇಬಿ ಸಿಟ್ಟಿಂಗ್ ಶುರುಮಾಡಿ 11 ವರ್ಷವಾಯಿತು. ಒಂದೂವರೆ ವರ್ಷದಿಂದ ನಾಲ್ಕು ವರ್ಷದವರೆಗಿನ ಮಕ್ಕಳು, ಒಂದು ಹೊತ್ತಿಗೆ ಎಂಟೋ ಹತ್ತೋ ಇರುತ್ತಾರೆ. ಸೇರಿಸಲು ಬಂದ ತಂದೆತಾಯಿ ಮಗುವಿನ ಊಟ, ನಿದ್ದೆ, ಅಲರ್ಜಿ, ಹಟ ಎಲ್ಲವನ್ನೂ ತಾವಾಗಿಯೇ ಹೇಳುತ್ತಾರೆ. ಅವರು ಹೇಳದ ಒಂದನ್ನು ನಾನೇ ಕೇಳುತ್ತೇನೆ: "ಮನೇಲಿ ಉಚ್ಚೆಗೆ ಏನಂತೀರಿ? ಕಕ್ಕಕ್ಕೆ ಏನಂತೀರಿ?" ಕೆಲವರು ಗಂಡನ ಮುಖ ನೋಡುತ್ತಾರೆ. ಕೆಲವರು ದನಿ ತಗ್ಗಿಸುತ್ತಾರೆ. ಉತ್ತರ ಏನೇ ಬರಲಿ, ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ.

ಈ ಪ್ರಶ್ನೆ ಕೇಳಲು ನನಗೆ ಕಲಿಸಿದ್ದು ಒಂದು ತಮಿಳು ಮನೆಯ ಹುಡುಗಿ. ಎರಡು ವರ್ಷದವಳು. ಬಂದ ಮೊದಲ ವಾರ ಊಟವಾದ ಸ್ವಲ್ಪ ಹೊತ್ತಿಗೆ "ಆಯಿ, ಆಯಿ" ಎಂದು ಅಳುತ್ತಿದ್ದಳು. ನನ್ನ ಸಹಾಯಕ್ಕೆ ಬರುವ ಅಕ್ಕ ಧಾರವಾಡದ ಕಡೆಯವರು. ಅವರ ಕಡೆ ಆಯಿ ಎಂದರೆ ಅಜ್ಜಿ. "ಅಳಬ್ಯಾಡವ್ವಾ, ನಿಮ್ಮ ಆಯಿ ಸಂಜಿಗೆ ಬರ್ತಾಳ" ಎಂದು ಎತ್ತಿಕೊಂಡು ಗೇಟಿನ ತನಕ ಹೋಗಿ ರಸ್ತೆ ತೋರಿಸುತ್ತಿದ್ದರು. ಮಗು ಅವರ ತೋಳಿನಲ್ಲೇ ಚಡ್ಡಿಯಲ್ಲಿ ಮಾಡಿಕೊಳ್ಳುತ್ತಿತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ತಾಯಿಯನ್ನು ಕೇಳಿದಾಗ ಗೊತ್ತಾಯಿತು, ಅವರ ಮನೆಯಲ್ಲಿ ಮಕ್ಕಳ ಮಾತಿನಲ್ಲಿ ಆಯಿ ಎಂದರೆ ಕಕ್ಕ. ಆ ಮಗು ಮೂರು ದಿನವೂ ಸರಿಯಾದ ಹೊತ್ತಿಗೆ, ಸರಿಯಾದ ಮಾತನ್ನೇ ಹೇಳಿತ್ತು. ತಿಳಿಯದೆ ಹೋದದ್ದು ನಮಗೆ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಅಂದಿನಿಂದ ನೋಟ್‌ಬುಕ್ಕಿಗೆ ಏನೆಲ್ಲ ಬಂದಿದೆ! ಉಚ್ಚೆ, ಉಚ್ಚಿ, ಸುಸ್ಸು, ಪೀ, ಯೂರಿನ್, ಒಂದಕ್ಕೆ, ಏಕಿ, ಪಿಶಾಬ್. ಇನ್ನೊಂದಕ್ಕೆ ಕಕ್ಕ, ಪಾಟಿ, ಟಾಯ್ಲೆಟ್, ಮೋಷನ್, ಎರಡಕ್ಕೆ, ಛೀಛೀ. ಒಂದು ಮನೆಯಲ್ಲಿ ಬರೀ "ಸ್ಸ್ಸ್". ಅದೂ ಮಾತೇ. ಅಜ್ಜಿಯಂದಿರು ಕಾಲು ನೀಡಿ ಕೂತು, ಎರಡು ಪಾದಗಳ ಮೇಲೆ ಕೂಸನ್ನು ಕೂರಿಸಿ "ಸ್ಸ್ಸ್" ಎನ್ನುತ್ತಿದ್ದರೆ, ವರ್ಷ ತುಂಬದ ಮಕ್ಕಳೂ ಆ ಸದ್ದಿಗೆ ಉಚ್ಚೆ ಮಾಡುವುದನ್ನು ನಾನು ನೋಡಿದ್ದೇನೆ.

ನಮ್ಮಲ್ಲಿ ನಾನು ಆರಿಸಿಕೊಂಡದ್ದು ಉಚ್ಚೆ ಮತ್ತು ಕಕ್ಕ. ಅಮ್ಮ, ಅಪ್ಪ, ಬುವ್ವ ಎಂದು ಮಾತು ಕಲಿಯುವ ನಾಲಿಗೆಗೆ ಕಕ್ಕ ಸುಲಭ. ಉಚ್ಚೆ ಮೊದಲಿಗೆ ಉಚ್ಚಿ ಎಂದೋ ಉತ್ತೆ ಎಂದೋ ಬರುತ್ತದೆ, ಆದರೂ ಅರ್ಥವಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಮಗುವನ್ನು ಎತ್ತಿಕೊಳ್ಳುವ ಹೆಚ್ಚುಕಡಿಮೆ ಎಲ್ಲರಿಗೂ ಈ ಮಾತು ತಿಳಿಯುತ್ತದೆ. ಆಟೋದವರಿಗೆ, ಪಕ್ಕದ ಮನೆಯ ಅಜ್ಜಿಗೆ, ಡಾಕ್ಟರಿಗೆ, ಮದುವೆ ಮನೆಯಲ್ಲಿ ಯಾರೋ ಅತ್ತೆಗೆ. "ಉಚ್ಚೆ ಅನ್ನೋದು ಒರಟಾಗಿ ಕೇಳುತ್ತೆ ಆಂಟಿ, ಸುಸ್ಸು ಅನ್ನಿಸಿ" ಎನ್ನುವ ತಾಯಂದಿರಿದ್ದಾರೆ. ನಾನು ವಾದ ಮಾಡುವುದಿಲ್ಲ. ಸುಸ್ಸು ಒಳ್ಳೆಯ ಮಾತೇ. ಆದರೆ ಅಪ್ಪ, ಅಮ್ಮ, ಅಜ್ಜಿ, ನಾವು, ಎಲ್ಲರೂ ಅದೊಂದನ್ನೇ ಆಡಬೇಕು ಎಂದು ಕೇಳಿಕೊಳ್ಳುತ್ತೇನೆ. ಮನೆಯ ಮಾತು ಬೇರೆಯಿದ್ದರೆ ಮೊದಲ ಎರಡು ವಾರ ಎರಡನ್ನೂ ಜೊತೆಗೆ ಹೇಳುತ್ತೇವೆ: "ಆಯಿ ಬಂತಾ? ಕಕ್ಕ ಬಂತಾ?" ಮಕ್ಕಳು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಯಾರ ಹತ್ತಿರ ಯಾವುದು ನಡೆಯುತ್ತದೆ ಎಂಬುದನ್ನು ಬೇಗ ಕಲಿಯುತ್ತಾರೆ.

ಮುಚ್ಚಿ ಹೇಳುವ ಮಾತುಗಳು ಮಾತ್ರ ಈ ವಯಸ್ಸಿಗೆ ಬೇಡ. ಒಬ್ಬ ಹುಡುಗನ ಅಜ್ಜಿ ಹಳ್ಳಿಯಿಂದ ಬಂದು ಆರು ತಿಂಗಳು ಅವನನ್ನು ನೋಡಿಕೊಂಡಿದ್ದರು. ಅವರ ಮಾತು "ಹೊರಕಡೆ". ಮನೆಯೊಳಗೆ ಕಕ್ಕಸು ಇಲ್ಲದ ಕಾಲದಲ್ಲಿ ಹೊರಕಡೆ, ಬಯಲಕಡೆ, ಕೆರೆಕಡೆ ಎನ್ನುವುದೇ ವಾಡಿಕೆ. ತಂಬಿಗೆ ತಗೊಂಡು ಹೋಗೋದು, ಚರಗಿ ತಗೊಂಡು ಹೋಗೋದು ಎಂದರೂ ಅದೇ. ದೊಡ್ಡವರಿಗೆ ಅದರ ಮರ್ಯಾದೆ ತಿಳಿಯುತ್ತದೆ. ಈ ಹುಡುಗ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತು "ಹೊರಕಡೆ" ಎನ್ನುತ್ತಿದ್ದ, ನಾವು "ಬಿಸಿಲಿದೆ ಕಂದ, ಆಮೇಲೆ ಹೋಗೋಣ" ಎನ್ನುತ್ತಿದ್ದೆವು. ಒಂದಕ್ಕೆ, ಎರಡಕ್ಕೆ ಕೂಡ ಹಾಗೇ. ಎಣಿಕೆಯೇ ಬಾರದ ಮಗುವಿಗೆ ಒಂದು ಯಾವುದು, ಎರಡು ಯಾವುದು?

ಛೀಛೀ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ವಾದ ಮಾಡುತ್ತೇನೆ. ಅದು ಹೆಸರಲ್ಲ, ಅಸಹ್ಯ. ಮೂರು ವರ್ಷಕ್ಕೆ ಹತ್ತಿರವಿದ್ದ ಹುಡುಗನೊಬ್ಬ ನಮ್ಮಲ್ಲಿ ಸೇರಿದಾಗ ಕಕ್ಕ ಬಂದರೆ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಮುಖ ಕೆಂಪಾಗುತ್ತಿತ್ತು, ಕಾಲು ಬಿಗಿಹಿಡಿದು ತುದಿಗಾಲಲ್ಲಿ ನಿಲ್ಲುತ್ತಿದ್ದ. ಕಕ್ಕ ಮಾಡಲು ತಿಣುಕುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ತಡೆಯುತ್ತಿದ್ದ. ಮನೆಯಲ್ಲಿ ನಾಲ್ಕು ದಿನ, ಐದು ದಿನಕ್ಕೊಮ್ಮೆ ಆಗುತ್ತಿತ್ತಂತೆ. ಮಧ್ಯೆ ಚಡ್ಡಿಗೆ ತೆಳ್ಳಗೆ ಸೋರಿದ್ದನ್ನು ನೋಡಿ ತಾಯಿ ಭೇದಿ ಎಂದುಕೊಂಡಿದ್ದರು.

ಅವರು ತೋರಿಸಿದ ಮಕ್ಕಳ ಡಾಕ್ಟರು ವಿವರಿಸಿದ್ದು ನನಗೂ ಪಾಠವಾಯಿತು. ಒಮ್ಮೆ ಕಕ್ಕ ಗಟ್ಟಿಯಾಗಿ ನೋವಾದರೆ ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ಕರುಳು ಅದರ ನೀರು ಹೀರಿ ಇನ್ನೂ ಗಟ್ಟಿಯಾಗುತ್ತದೆ. ಕರುಳಿನ ಕೊನೆಯ ಭಾಗ ಹಿಗ್ಗಿ, ಬಂತು ಎಂಬ ಸೂಚನೆಯೇ ಮಂಕಾಗುತ್ತದೆ. ಆ ಗಟ್ಟಿಯ ಪಕ್ಕದಿಂದ ತೆಳ್ಳಗಿನದು ಮಗುವಿಗೇ ತಿಳಿಯದೆ ಸೋರುತ್ತದೆ. ಮೆದು ಮಾಡುವ ಔಷಧಿ, ನೀರು, ಹಣ್ಣು, ಸೊಪ್ಪು ಎಲ್ಲ ಹೇಳಿದರು. ಊಟವಾದ ಇಪ್ಪತ್ತು ಮೂವತ್ತು ನಿಮಿಷದೊಳಗೆ ಕರುಳು ತಾನಾಗಿ ಚಲಿಸುವುದರಿಂದ ಆಗ ಐದು ನಿಮಿಷ ಕೂರಿಸಿ ಎಂದರು.

ಕೂರಿಸಲು ಹೋದರೆ ಅವನು "ಛೀ ಇಲ್ಲ! ಛೀ ಇಲ್ಲ!" ಎಂದು ಚೀರುತ್ತಿದ್ದ. ಮಣ್ಣು ಬಾಯಿಗೆ ಹಾಕಿದರೂ ಛೀ, ಗೋಡೆಗೆ ಗೀಚಿದರೂ ಛೀ, ಕಕ್ಕವೂ ಛೀ. ತಾನು ಮಾಡಬಾರದ್ದನ್ನು ಮಾಡಿಸಲು ಕೂರಿಸುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿರಬೇಕು. ಅವನ ಮನೆಯವರನ್ನೆಲ್ಲ ಕೂರಿಸಿ ಮಾತಾಡಿದೆ. ಆ ದಿನದಿಂದ ಛೀ ಬಿಟ್ಟು ಕಕ್ಕ ಎನ್ನಲು ಒಪ್ಪಿದರು. ಚೊಕ್ಕ ಮಾಡುವಾಗ ಮೂಗು ಮುಚ್ಚಬಾರದು, ಮುಖ ಹಿಂಡಬಾರದು ಎಂದೂ ಕೇಳಿಕೊಂಡೆ. ನಮ್ಮಲ್ಲಿ ಅವನ ಕಕ್ಕಕ್ಕೆ ನೀರು ಹಾಕುವಾಗ "ಟಾಟಾ" ಹೇಳುವ ರೂಢಿ ಮಾಡಿದೆವು. ಔಷಧಿಯಿಂದ ಎಷ್ಟು, ಮಾತಿನಿಂದ ಎಷ್ಟು ಎಂದು ನಾನು ತೂಗಿ ಹೇಳಲಾರೆ. ಸುಮಾರು ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪರದೆಯ ಹಿಂದಿನಿಂದ ತಾನೇ ಹೊರಗೆ ಬಂದು ನನ್ನ ಸೆರಗು ಹಿಡಿದು "ಕಕ್ಕ" ಎಂದ. ನಾನು ಅವನನ್ನು ಎತ್ತಿಕೊಂಡು ಓಡಿದೆ.

ಹೆಸರು ಕಲಿತರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಕ್ರಿಯಾಪದದಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ "ಬಸ್ ಬಂತು" ಎನ್ನುತ್ತೇವಲ್ಲ, ಹಾಗೇ ಇನ್ನೂ ಒಳಗಿರುವಾಗಲೇ "ಉಚ್ಚೆ ಬಂತು" ಎನ್ನುತ್ತೇವೆ. ಚಡ್ಡಿ ಒದ್ದೆಯಾದ ಮೇಲೆ "ಅಯ್ಯೋ, ಉಚ್ಚೆ ಬಂದುಬಿಡ್ತಾ?" ಎಂದೂ ಅನ್ನುತ್ತೇವೆ. ಮಗುವಿಗೆ ಎರಡೂ ಒಂದೇ. ನನ್ನ ಮಗಳು ಎರಡು ವರ್ಷದವಳಿದ್ದಾಗ ಒದ್ದೆ ಚಡ್ಡಿಯಲ್ಲಿ ನಿಂತು "ಉಚ್ಚೆ ಬಂತು" ಎನ್ನುತ್ತಿದ್ದಳು, ನಾನು "ಮೊದಲೇ ಹೇಳಬಾರದಾ?" ಎಂದು ಗದರುತ್ತಿದ್ದೆ. ಅವಳ ಮಟ್ಟಿಗೆ ಅವಳು ಹೇಳಿದ್ದಳು. ಈಗ ನಮ್ಮಲ್ಲಿ ಒದ್ದೆಯಾದರೆ "ಉಚ್ಚೆ ಆಯ್ತು", ಅಷ್ಟೇ. "ಬಂತು" ಎನ್ನುವುದನ್ನು ಆಗುವ ಮುಂಚೆಗೆ ಮಾತ್ರ ಮೀಸಲಿಟ್ಟಿದ್ದೇವೆ. ಕಾಲು ಕತ್ತರಿ ಹಾಕಿದಾಗ, ಆಡುತ್ತ ಆಡುತ್ತ ತಟ್ಟನೆ ಸುಮ್ಮನಾದಾಗ, ನಿಂತಲ್ಲೇ ಕುಣಿದಾಗ, "ಉಚ್ಚೆ ಬಂತಾ?" ಎಂದು ಕೇಳಿ ಕರೆದೊಯ್ಯುತ್ತೇವೆ. ಮಕ್ಕಳು ಮೊದಲು ಕಲಿಯುವುದು "ಆಯ್ತು". ಆಮೇಲೆ, ಆಗುತ್ತಿರುವಾಗಲೇ ಬಗ್ಗಿ ನೋಡಿಕೊಳ್ಳುತ್ತಾರೆ. "ಬಂತು" ಕೊನೆಯದು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ "ಆಯ್ತು" ಎಂದ ಮಗುವನ್ನು ನಾವು ಗದರುವುದಿಲ್ಲ. "ಹೇಳಿದ್ಯಲ್ಲ, ಜಾಣೆ" ಎಂದು ಚಡ್ಡಿ ಬದಲಿಸುತ್ತೇವೆ. ಮಾತು ಬಾರದ ಮಕ್ಕಳಿಗೆ ಕಿರುಬೆರಳು ಎತ್ತುವುದನ್ನೋ ಹೊಟ್ಟೆ ತಟ್ಟಿಕೊಳ್ಳುವುದನ್ನೋ ಮಾತಿನ ಜೊತೆಗೇ ತೋರಿಸುತ್ತೇವೆ. ಕೈ ನಾಲಿಗೆಗಿಂತ ಮೊದಲು ಕಲಿಯುತ್ತದೆ.

ಹೂಸಿಗೆ ಹೂಸು ಎಂದೇ ಹೇಳುತ್ತೇವೆ. ಸಿಂಬಳ, ತೇಗು, ವಾಂತಿ ಯಾವುದಕ್ಕೂ ನನಗೆ ಕಷ್ಟವಾಗಿಲ್ಲ.

ಕಷ್ಟವಾದದ್ದು ಅಂಗಗಳ ಹೆಸರು. ಹೆಚ್ಚಿನ ಮನೆಗಳಲ್ಲಿ ಅದು "ಶೇಮ್ ಶೇಮ್", ಇಲ್ಲವೇ "ಅಲ್ಲಿ". ಪುಸ್ತಕದ ಶಿಶ್ನ, ಯೋನಿ ಪದಗಳು ಮಗುವಿನ ಬಾಯಿಗೂ ಬರುವುದಿಲ್ಲ, ನಮ್ಮ ಬಾಯಿಗೂ ಬರುವುದಿಲ್ಲ. ಜನರ ಬಾಯಲ್ಲಿರುವ ಪದಗಳು ಬೈಗುಳವಾಗಿಬಿಟ್ಟಿವೆ. ತುಂಬಾ ದಿನ ಯೋಚಿಸಿ ನಾನು "ಉಚ್ಚೆ ಜಾಗ", "ಕಕ್ಕ ಜಾಗ" ಎಂದು ಮಾಡಿಕೊಂಡೆ. ಕುಂಡಿ ಎನ್ನುವುದೂ ನಡೆಯುತ್ತದೆ. ತೊಳೆಯುವಾಗ ಹೇಳುತ್ತಲೇ ತೊಳೆಯುತ್ತೇನೆ: "ಮೊದಲು ಉಚ್ಚೆ ಜಾಗ, ಆಮೇಲೆ ಕಕ್ಕ ಜಾಗ." ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ಒರೆಸುವುದು ಈ ಮಾತಿನ ಜೊತೆಗೇ ರೂಢಿಯಾಗುತ್ತದೆ. ಮೂರು ವರ್ಷದ ಹುಡುಗಿಯೊಬ್ಬಳು ಒಂದು ದಿನ "ಆಂಟಿ, ಉಚ್ಚೆ ಜಾಗ ಉರಿ" ಎಂದಳು. ಅವಳ ವಯಸ್ಸಿನವರಿಗೆ ಮೈಯಲ್ಲಿ ಏನಾದರೂ "ಹೊಟ್ಟೆನೋವು". ಇವಳು ಜಾಗವನ್ನೂ ಹೇಳಿದಳು, ಉರಿಯನ್ನೂ ಹೇಳಿದಳು. ಆ ಸಂಜೆಯೇ ತಾಯಿ ಡಾಕ್ಟರ ಹತ್ತಿರ ಕರೆದೊಯ್ದರು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು.

ಇನ್ನೊಂದು ಕಾರಣವನ್ನೂ ತಂದೆತಾಯಿಗೆ ನಾನು ಮುಚ್ಚದೆ ಹೇಳುತ್ತೇನೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಮಗು ಅದನ್ನು ಯಾವ ಮಾತಿನಲ್ಲಿ ಹೇಳಬೇಕು? ನಾಚಿಕೆಯ ಹೆಸರಿಟ್ಟ ಜಾಗದ ಬಗ್ಗೆ ಮಗು ಮಾತೇ ಎತ್ತುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರಿಂದ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ನಮ್ಮ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಮಗುವಿನ ಬಾಯಲ್ಲಿ ಮಾತಿದ್ದರೆ ತಾನೇ ಅವು ಉಪಯೋಗಕ್ಕೆ ಬರುವುದು.

ಎಲ್‌ಕೆಜಿಗೆ ಹೋಗುವ ಮುಂಚಿನ ಎರಡು ತಿಂಗಳಲ್ಲಿ "ಒಂದಕ್ಕೆ", "ಎರಡಕ್ಕೆ" ಕಲಿಸುತ್ತೇನೆ, ಬೆರಳು ಎತ್ತುವುದನ್ನೂ. ಅದು ಸ್ಕೂಲಿನ ಮಾತು, ಇದು ಮನೆಯ ಮಾತು ಎಂದರೆ ಮೂರೂವರೆ ವರ್ಷಕ್ಕೆ ಚೆನ್ನಾಗಿ ತಿಳಿಯುತ್ತದೆ. ಆದರೆ ಅವಸರವಾದಾಗ ಬಾಯಿಗೆ ಬರುವುದು ಹಳೆಯ ಮಾತೇ. ಆದ್ದರಿಂದ ಪ್ರತಿ ಮಗುವಿನ ಬ್ಯಾಗಿನಲ್ಲಿ ಟೀಚರಿಗೆ ಒಂದು ಚೀಟಿ ಇಡುತ್ತೇನೆ. ಈ ಜೂನ್‌ನಲ್ಲಿ ಹೋದ ಹುಡುಗನದು ಹೀಗಿತ್ತು: "ಇವನು ‘ಉಚ್ಚೆ ಬಂತು’ ಅಂದರೆ ಇನ್ನೂ ಆಗಿಲ್ಲ ಎಂದರ್ಥ. ದಯವಿಟ್ಟು ತಕ್ಷಣ ಕಳಿಸಿ."