ರೋಮಿನ ಕೊಲೆಜಿಯೊ ರೋಮಾನೊ: ಒಳಗೆ ಬಿಡದಿದ್ದರೂ ನೋಡುವುದು ಹೇಗೆ

ಪ್ಯಾಂಥಿಯನ್ ನೋಡಿ ಮುಗಿಸಿದಿರಾ? ಅಲ್ಲಿಂದ ಐದು ನಿಮಿಷ ನಡೆದರೆ ಕೊಲೆಜಿಯೊ ರೋಮಾನೊ ಚೌಕ. ಟಿಕೆಟ್ ಕೌಂಟರ್ ಹುಡುಕಬೇಡಿ. ಈ ದೊಡ್ಡ ಕಟ್ಟಡದ ಒಂದು ಭಾಗದಲ್ಲಿ ಹೈಸ್ಕೂಲಿದೆ, ಇನ್ನೊಂದು ಭಾಗದಲ್ಲಿ ಇಟಲಿಯ ಸಂಸ್ಕೃತಿ ಸಚಿವಾಲಯ. ಹಾಗಾದರೆ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘ ನಡೆಸುತ್ತಿದ್ದ ಹಳೇ ಕಾಲೇಜು ಎಲ್ಲಿ ಅಂತೀರಾ? ಇದೇ.

ಶಾಲೆ ಶುರುವಾಗುವ ಹೊತ್ತಿಗೆ ಹೋಗಿ. ಬ್ಯಾಗು ಹೊತ್ತ ಮಕ್ಕಳು ಒಳಗೆ ನುಗ್ಗುವುದನ್ನು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಆ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ 1551ರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಪುಕ್ಕಟೆ ಪಾಠ ಶುರು ಮಾಡಿದರು. ಮಕ್ಕಳು ಜಾಸ್ತಿಯಾದರು. 1584ರಲ್ಲಿ ಪೋಪ್ ಹದಿಮೂರನೇ ಗ್ರೆಗರಿಯ ದುಡ್ಡಿನಲ್ಲಿ ಈ ಕಟ್ಟಡ ತೆರೆಯಿತು. ನಮ್ಮ ಗೋಡೆ ಮೇಲಿನ ಕ್ಯಾಲೆಂಡರ್ ಇದೆಯಲ್ಲ, ಅದೂ ಇದೇ ಗ್ರೆಗರಿಯದು. ಹಳೇ ಕ್ಯಾಲೆಂಡರಿನ ತಪ್ಪು ಸರಿಮಾಡಲು 1582ರ ಅಕ್ಟೋಬರ್ 4 ಆದಮೇಲೆ ನೇರ 15 ಬಂತು, ಆ ಲೆಕ್ಕವನ್ನು ಸಮರ್ಥಿಸಿ ಬರೆದ ಕ್ಲೇವಿಯಸ್ ಇಲ್ಲಿನ ಗಣಿತದ ಮೇಷ್ಟ್ರು.

1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದಾಗ ಕಾಲೇಜು ಕೈತಪ್ಪಿತು, 1824ರಲ್ಲಿ ವಾಪಸ್ ಸಿಕ್ಕಿತು. 1870ರಲ್ಲಿ ಇಟಲಿಯ ಸೈನ್ಯ, ಅಲ್ಲಿಯವರೆಗೆ ಪೋಪರ ಆಳ್ವಿಕೆಯಲ್ಲಿದ್ದ ರೋಮಿಗೆ ನುಗ್ಗಿದ ಮೇಲೆ ಸರ್ಕಾರಿ ಶಾಲೆ ಬಂತು, 1876ರಲ್ಲಿ ರಾಷ್ಟ್ರೀಯ ಗ್ರಂಥಾಲಯ ಬಂತು. ಪಾದ್ರಿಗಳ ಪುಸ್ತಕಗಳನ್ನೇ ಬುನಾದಿ ಮಾಡಿಕೊಂಡು! ಆ ಗ್ರಂಥಾಲಯ ಈಗ ಬೇರೆ ಕಡೆ ಇದೆ.

ಈಗ ಕಟ್ಟಡ ಸುತ್ತಿಕೊಂಡು ಹಿಂದಕ್ಕೆ ಬನ್ನಿ. ಅಲ್ಲಿರುವ ಸಂತ ಇಗ್ನೇಷಿಯಸ್ ಚರ್ಚು ಕಾಲೇಜಿನದೇ, ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಚಿತ್ರ ತುಂಬಿದ ಚಾವಣಿ ಜೊತೆ ಸೆಲ್ಫಿಗೆ ಅಂತ ಇಟ್ಟಿರುವ ಕನ್ನಡಿ ಮುಂದೆ ಉದ್ದ ಸಾಲು ಇರುತ್ತದೆ. ಸುಮ್ನೆ ನಿಲ್ಲಬೇಡಿ, ನೆಲ ನೋಡುತ್ತಾ ನಡೆಯಿರಿ. ನಡುವೆ ಒಂದು ದುಂಡು ಕಲ್ಲು ಸಿಗುತ್ತದೆ. ಅದರ ಮೇಲೆ ನಿಂತು ತಲೆ ಎತ್ತಿದರೆ ಚಾವಣಿಯೇ ಬಿಚ್ಚಿಕೊಂಡು ಕಂಬಗಳು ಆಕಾಶಕ್ಕೆ ಎದ್ದ ಹಾಗೆ ಕಾಣುತ್ತದೆ. ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಕತ್ತು ನೋಯಿಸಿಕೊಂಡು ಅಭ್ಯಾಸ ಇರುತ್ತದೆ ಬಿಡಿ.

ಮುಂದೆ ಕಾಣುವ ಗುಮ್ಮಟ ಮಾತ್ರ ಸುಳ್ಳು. ಗುಮ್ಮಟ ಕಟ್ಟಲೇ ಇಲ್ಲ, 1685ರಲ್ಲಿ ಆಂಡ್ರಿಯಾ ಪೊಜ್ಜೊ ಬಟ್ಟೆಯ ಮೇಲೆ ಅದರ ಚಿತ್ರ ಬರೆದು ಮೇಲೆ ಕೂರಿಸಿದರು. ಬಲಿಪೀಠದ ಹತ್ತಿರ ಹೋಗಿ ತಿರುಗಿ ನೋಡಿ, ಗುಮ್ಮಟ ವಾಲಿಕೊಳ್ಳುತ್ತದೆ. ನನಗೆ ಇದಕ್ಕಿಂತ ಇಷ್ಟವಾದದ್ದು ಕಣ್ಣಿಗೆ ಕಾಣದ ಸಂಗತಿ. ಗುಮ್ಮಟದ ಭಾರ ಹೊರಲೆಂದು ಎಬ್ಬಿಸಿದ ದಪ್ಪ ಕಂಬಗಳು ಸುಮ್ಮನೆ ನಿಂತಿದ್ದವು. 1850ರ ದಶಕದಲ್ಲಿ ಪಾದ್ರಿ ಆಂಜೆಲೊ ಸೆಕ್ಕಿ ಅವುಗಳ ಮೇಲೆಯೇ, ಚರ್ಚಿನ ಛಾವಣಿಯಲ್ಲಿ, ದೂರದರ್ಶಕ ಇಟ್ಟರು. ಅಲುಗಾಡದ ಜಾಗ ಬೇಕಿತ್ತು, ಸಿಕ್ಕಿತು. ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅವುಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದು ಇಲ್ಲೇ.

ಕೊನೆಗೆ, 12 ಗಂಟೆಯೊಳಗೆ ಜನಿಕುಲಂ ಗುಡ್ಡಕ್ಕೆ ಹೋಗುವಂತಿದ್ದರೆ ಹೋಗಿ. ಅಲ್ಲಿ ದಿನಾ ಮಧ್ಯಾಹ್ನ ಒಂದು ತೋಪು ಹಾರಿಸುತ್ತಾರೆ. ಊರಿನ ಚರ್ಚುಗಳ ಗಂಟೆಗಳೆಲ್ಲ ಒಂದೊಂದು ಹೊತ್ತಿಗೆ ಬಾರಿಸುತ್ತಿದ್ದದ್ದಕ್ಕೆ, ಎಲ್ಲಕ್ಕೂ ಒಂದೇ ಹೊತ್ತು ಇರಲಿ ಅಂತ 1847ರಲ್ಲಿ ಈ ಪದ್ಧತಿ ತಂದಿದ್ದು. ಆಗ ತೋಪು ಇದ್ದದ್ದು ಸಂತ ಆಂಜೆಲೊ ಕೋಟೆಯಲ್ಲಿ, ಹೊತ್ತಾಯಿತು ಅಂತ ಸನ್ನೆ ಹೋಗುತ್ತಿದ್ದದ್ದು ಈ ಕಾಲೇಜಿನಿಂದ. ಹತ್ತಿರ ನಿಲ್ಲುವುದಾದರೆ ಮಕ್ಕಳ ಕಿವಿ ಮುಚ್ಚಿ.